ಹೊಳೆ ದಾಟಿದ ಮೇಲಿನ ಎಣಿಕೆ

ಪಾದಯಾತ್ರೆಯ ಬಗ್ಗೆ ಕನ್ನಡದಲ್ಲಿ ಈಚೆಗೆ ಬರುತ್ತಿರುವ ಬರಹಗಳಿಗೆ ಒಂದು ಸಿದ್ಧ ಕೊನೆಯಿದೆ. ಕಾಲಲ್ಲಿ ಬೊಬ್ಬೆ, ದಾರಿಯಲ್ಲಿ ಗುರುತಿಲ್ಲದವರು ಕೊಟ್ಟ ಮಜ್ಜಿಗೆ, ಮೂರನೆಯ ದಿನ ಬಿಟ್ಟುಬಿಡೋಣ ಅನ್ನಿಸಿದ್ದು, ಕಡೆಗೆ ದೂರದಲ್ಲಿ ಕಂಡ ಗೋಪುರ. ಆಮೇಲೆ ಎಲ್ಲರೂ ಒಟ್ಟಿಗೆ ಮುಟ್ಟಿದೆವು, ಅಲ್ಲಿ ಮೇಲುಕೀಳು ಇರಲಿಲ್ಲ, ಕಣ್ಣು ತುಂಬಿ ಬಂತು. ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದವರು ಬರೆದರೂ ಹೀಗೆಯೇ, ಮಾದಪ್ಪನ ಬೆಟ್ಟಕ್ಕೆ ನಡೆದವರು ಬರೆದರೂ ಹೀಗೆಯೇ. ಕಣ್ಣು ತುಂಬಿದ್ದರ ಬಗ್ಗೆ ನನಗೆ ಅನುಮಾನವಿಲ್ಲ. ಆ 'ಎಲ್ಲರೂ' ಎಂಬ ಮಾತಿನ ಬಗ್ಗೆ ಇದೆ. 'ಎಲ್ಲ ಮುಗಿದಿದೆ' ಎಂಬ ವರದಿ ಬಂದಾಗ 'ಪಟ್ಟಿ ತೋರಿಸಿ' ಎನ್ನುವುದು ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಹೊಟ್ಟೆಪಾಡಿನ ಕೆಲಸ. ಓದುವಾಗಲೂ ಆ ಚಾಳಿ ಬಿಡುವುದಿಲ್ಲ.

ಹತ್ತು ಜನ ಹೊಳೆ ದಾಟಿದ ಕತೆ ನಮಗೆಲ್ಲ ಗೊತ್ತು. ದಡ ಮುಟ್ಟಿದವರು ಎಣಿಸುತ್ತಾರೆ; ಎಣಿಸುವವನು ತನ್ನನ್ನು ಬಿಟ್ಟು ಎಣಿಸುವುದರಿಂದ ಪ್ರತಿಸಲವೂ ಒಂಬತ್ತೇ ಬರುತ್ತದೆ; ಹತ್ತನೆಯವನು ಮುಳುಗಿಹೋದ ಎಂದು ಗೋಳಾಡುತ್ತಾರೆ. ವಿದ್ಯಾರಣ್ಯರ 'ಪಂಚದಶಿ'ಯಲ್ಲಿ ಇದು ಆತ್ಮಜ್ಞಾನಕ್ಕೆ ದೃಷ್ಟಾಂತ. ದಾರಿಹೋಕನೊಬ್ಬ ಬಂದು ಹತ್ತನೆಯವನು ನೀನೇ ಎಂದು ತೋರಿಸಿಕೊಡುತ್ತಾನೆ, ಅಲ್ಲಿಗೆ ದುಃಖ ಹರಿಯುತ್ತದೆ. ವೇದಾಂತವನ್ನು ಪಕ್ಕಕ್ಕಿಟ್ಟು ನೋಡಿದರೆ ಆ ಪೆದ್ದರ ಒಂದು ಗುಣ ನನಗೆ ಬಹಳ ಹಿಡಿಸುತ್ತದೆ. ದಡ ಸಿಕ್ಕಿದ ಕೂಡಲೇ ಅವರು ಮೊದಲು ಮಾಡಿದ್ದು ಎಣಿಕೆ. ಕೈಮುಗಿಯಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ. ಯಾತ್ರೆಯ ಬರಹಗಳಲ್ಲಿ ನಾನು ಹುಡುಕುವುದು ಈ ಎಣಿಕೆಯನ್ನು.

ನಾನು ಓದಿದ್ದರಲ್ಲಿ ಅದನ್ನು ನಿಜವಾಗಿ ಮಾಡಿದವರು ಇರಾವತಿ ಕರ್ವೆ. ಅವರ ಮರಾಠಿ ಪ್ರಬಂಧ 'ವಾಟಚಾಲ', 'ಪರಿಪೂರ್ತಿ' ಸಂಕಲನದಲ್ಲಿರುವುದು. 1962ರಲ್ಲಿ ಅದರ ಇಂಗ್ಲಿಷ್ ಅನುವಾದ 'ಜರ್ನಲ್ ಆಫ್ ಏಷ್ಯನ್ ಸ್ಟಡೀಸ್'ನಲ್ಲಿ ಪ್ರಕಟವಾಯಿತು. ನಾನು ಓದಿದ್ದೂ ಅದನ್ನೇ. ವಿಜಯಪುರದಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದಾದ ಪಂಢರಪುರದ ಕತೆಯನ್ನು ಅಮೆರಿಕದ ಪತ್ರಿಕೆಯ ಮೂಲಕ, ಅದೂ ಗಾಜಿಯಾಬಾದಿನಲ್ಲಿ ಕೂತು ಓದಬೇಕಾಯಿತು.

ಕರ್ವೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪ್ರಾಧ್ಯಾಪಕಿ, ಸಮಾಜಶಾಸ್ತ್ರಜ್ಞೆ. ಒಂದು ದಿಂಡಿಯ ಜೊತೆ ಸೇರಿ ವಾರಿ ನಡೆದರು. ಹಾಡುತ್ತ ನಡೆಯುವ ಗುಂಪಿಗೆ ದಿಂಡಿ ಎಂದು ಹೆಸರು. ಅಂಥ ಎಷ್ಟೋ ದಿಂಡಿಗಳು ಆಳಂದಿಯಿಂದ ಜ್ಞಾನೇಶ್ವರರ ಪಾಲಖಿಯ ಹಿಂದೆ ಮುಂದೆ, ದೇಹುವಿನಿಂದ ತುಕಾರಾಮರ ಪಾಲಖಿಯ ಹಿಂದೆ ಮುಂದೆ ಮೂರು ವಾರದ ಹತ್ತಿರ ನಡೆದು ಆಷಾಢ ಏಕಾದಶಿಗೆ ಪಂಢರಪುರ ಸೇರುತ್ತವೆ. ಕರ್ವೆಯವರಿಗೆ ಆ ದಾರಿ ಬಹಳ ಖುಷಿ ಕೊಟ್ಟಿದೆ. ನಾನಾ ಸೀಮೆಯ ಮರಾಠಿ ಕಿವಿಗೆ ಬೀಳುತ್ತದೆ, ಓದುಬರಹವಿಲ್ಲದ ಹೆಂಗಸರು ಸಂತರ ಪದಗಳನ್ನು ಬಾಯಿಪಾಠ ಹೇಳುತ್ತಾರೆ. ಪಂಢರಪುರಕ್ಕೆ ನಡೆಯುವ ಜನರ ನಾಡೇ ಮಹಾರಾಷ್ಟ್ರ ಎಂಬ ಹೊಸ ವ್ಯಾಖ್ಯೆ ತನಗೆ ಸಿಕ್ಕಿತು ಎನ್ನುವಷ್ಟು ಖುಷಿ. (ಈ ವ್ಯಾಖ್ಯೆಯನ್ನು ಒಪ್ಪಿದರೆ ವಿಜಯಪುರ, ಬೆಳಗಾವಿ ಜಿಲ್ಲೆಗಳ ಎಷ್ಟೋ ಹಳ್ಳಿಗಳನ್ನು ನಾವೇ ಕೈಯಾರೆ ಆಚೆ ಕೊಟ್ಟಂತಾಗುತ್ತದೆ. ಅವರ ಪರವಾಗಿ ಜ್ಞಾನೇಶ್ವರರು ಒಂದು ಅಭಂಗದಲ್ಲಿ ವಿಠ್ಠಲನನ್ನೇ ಕರ್ನಾಟಕದವನೆಂದು ಕರೆದಿಟ್ಟಿದ್ದಾರೆ, ಲೆಕ್ಕ ಸರಿಹೋಯಿತು.)

ಈ ಖುಷಿಯ ನಡುವೆಯೇ ಅವರು ಒಲೆ ಎಣಿಸುತ್ತಾರೆ. ಒಂದೇ ದಿಂಡಿ. ಅದರಲ್ಲಿ ಬ್ರಾಹ್ಮಣರೂ ಇದ್ದಾರೆ, ಮರಾಠರೂ ಇದ್ದಾರೆ. ನಡಿಗೆ ಒಟ್ಟಿಗೆ, ಹಾಡು ಒಟ್ಟಿಗೆ, ಅಡುಗೆ ಮಾತ್ರ ಬೇರೆ ಬೇರೆ. ಇವರು ಎರಡೂ ಕಡೆ ಉಂಡರು. ಮರಾಠಾ ಹೆಂಗಸರ ಜೊತೆ ಕೂತು ಉಂಡ ಮೇಲೆ ಅವರ ಮಾತಿನ ಸಲುಗೆಯೇ ಬದಲಾಯಿತು ಎಂಬುದನ್ನೂ ಗಮನಿಸಿ ಬರೆದರು. ಹಾಗಾದರೆ ಈ ಒಗ್ಗಟ್ಟೆಲ್ಲ ಪರಲೋಕಕ್ಕೆ ಮೀಸಲೇ, ಇಹದಲ್ಲಿ ಪಂಕ್ತಿಭೇದವೇ ಎಂದು ಕೇಳುತ್ತಾರೆ. ಈ ಪ್ರಶ್ನೆ ಕೇಳುವಾಗ ಅವರು ದಿಂಡಿಯ ಹೊರಗೆ ನಿಂತಿಲ್ಲ. ಅದೇ ಧೂಳಲ್ಲಿ ನಡೆಯುತ್ತ, ಮಾರನೆಯ ದಿನವೂ ಇವರ ಜೊತೆಗೇ ನಡೆಯಬೇಕು ಎಂಬ ಅರಿವಿನಲ್ಲಿ ಕೇಳುತ್ತಾರೆ. ಪ್ರಬಂಧದ ಬಿಗಿ ಇರುವುದು ಇಲ್ಲಿ.

ಆಮೇಲೆ ವಿಕ್ಟರ್ ಟರ್ನರ್ ಯಾತ್ರೆಗಳ ಬಗ್ಗೆ ತಮ್ಮ ಪ್ರಸಿದ್ಧ ಸಿದ್ಧಾಂತ ಕಟ್ಟುವಾಗ ಕರ್ವೆಯವರ ಪ್ರಬಂಧವನ್ನು ಬಳಸಿಕೊಂಡರು. ದಿನನಿತ್ಯದ ಅಂತಸ್ತುಗಳು ಯಾತ್ರೆಯಲ್ಲಿ ಸಡಿಲಗೊಂಡು ಜನ ಬರಿಯ ಮನುಷ್ಯರಾಗಿ ಎದುರುಬದುರಾಗುತ್ತಾರೆ, ಅದೇ 'ಕಮ್ಯೂನಿಟಾಸ್' ಎಂಬುದು ಅವರ ವಾದ. ದಿಂಡಿಯ ಎರಡು ಒಲೆಗಳು ಆ ಸಿದ್ಧಾಂತಕ್ಕೆ ಸುಲಭವಾಗಿ ಒಗ್ಗುವುದಿಲ್ಲ ಎಂಬುದು ಟರ್ನರ್‌ಗೂ ಗೊತ್ತಿತ್ತು. ನಮ್ಮ ಪಾದಯಾತ್ರೆಯ ಬರಹಗಾರರು ಟರ್ನರ್ ಹೆಸರು ಕೇಳಿರಲಿಕ್ಕಿಲ್ಲ, ಆದರೆ ಅವರ ಸಿದ್ಧಾಂತದ ಹಗುರವಾದ ಅರ್ಧವನ್ನಷ್ಟೇ ಬರೆಯುತ್ತಿದ್ದಾರೆ.

ಕರ್ವೆಯವರ ಎಣಿಕೆಯೂ ಪೂರ್ತಿಯಲ್ಲ ಎನ್ನಬೇಕು. ಪಂಢರಪುರಕ್ಕೆ ಸ್ವಲ್ಪ ಮುಂಚೆ ವಾಖರಿ ಎಂಬ ಊರಿದೆ. ಬೇರೆ ಬೇರೆ ದಿಕ್ಕಿನ ಪಾಲಖಿಗಳು ಅಲ್ಲಿ ಕೂಡಿ, ಆಮೇಲೆ ಊರೊಳಗೆ ಹೋಗುತ್ತವೆ. ಬರುವವರಿಗಾಗಿ ಕಾಯುವುದನ್ನೇ ಆಚರಣೆಯಾಗಿಸಿದ ಚಂದದ ಪದ್ಧತಿ ಅದು. ಆದರೆ ಹೀಗೆ ಕಾದು ಕೂಡಿ ಒಳಗೆ ಹೋದವರಲ್ಲಿ ದಲಿತರಿಗೆ ಗುಡಿಯ ಬಾಗಿಲು ತೆರೆದದ್ದು 1947ರಲ್ಲಿ, ಸಾನೆ ಗುರೂಜಿಯವರ ಉಪವಾಸದ ನಂತರ. ಅಲ್ಲಿಯವರೆಗೆ ಶತಮಾನಗಳ ಕಾಲ ಅವರ ಯಾತ್ರೆ ಮುಗಿಯುತ್ತಿದ್ದುದು ಮೆಟ್ಟಿಲ ಬಳಿ, ಚೋಖಾಮೇಳನ ಸಮಾಧಿಯ ಹತ್ತಿರ. ಒಟ್ಟಿಗೆ ನಡೆದವರು ಕೊನೆಯ ಹತ್ತಿಪ್ಪತ್ತು ಹೆಜ್ಜೆಯಲ್ಲಿ ಬೇರೆಯಾಗುತ್ತಿದ್ದರು. ಒಂದು ನಾಡಿನ ವ್ಯಾಖ್ಯೆಯನ್ನೇ ಆ ನಡಿಗೆಯ ಮೇಲೆ ನಿಲ್ಲಿಸುವಾಗ ಈ ಹತ್ತಿಪ್ಪತ್ತು ಹೆಜ್ಜೆಗಳ ಭಾರ ಇನ್ನಷ್ಟು ಬೀಳಬೇಕಿತ್ತು.

ನಮ್ಮ ಕಡೆಗೆ ಬಂದರೆ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ದೊಡ್ಡ ನಡಿಗೆ ಯುಗಾದಿಗೆ ಶ್ರೀಶೈಲಕ್ಕೆ ಹೋಗುವ ಮಲ್ಲಯ್ಯನ ಕಂಬಿ. ರಾಯಚೂರು ದಾಟಿ, ಕರ್ನೂಲು ಸೀಮೆಯ ಆತ್ಮಕೂರು ಮುಟ್ಟಿ, ನಲ್ಲಮಲದ ಕಾಡು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಳನು ಹಾದು, ಏರು ಹತ್ತಿ ಕೈಲಾಸದ್ವಾರ. ಬಿಸಿಲು ನೆತ್ತಿ ಸುಡುವ ಕಾಲ. ಹಾಡುಗಳಿವೆ, ನೇಮಗಳಿವೆ, ಸುದ್ದಿಪತ್ರಿಕೆಯಲ್ಲಿ ವರ್ಷವೂ ಚಿತ್ರಗಳು ಬರುತ್ತವೆ. 'ವಾಟಚಾಲ'ದ ಪಕ್ಕದಲ್ಲಿಟ್ಟು ಓದುವಂಥ ಗದ್ಯ ಮಾತ್ರ ನನ್ನ ಕೈಗೆ ಸಿಕ್ಕಿಲ್ಲ. ನನ್ನ ಹತ್ತಿರ ಇರುವುದು ಅಪ್ಪ ಬರೆದಿಡುತ್ತಿದ್ದ, ನಮ್ಮ ಓಣಿಯ ಕಂಬಿಯ ಲೆಕ್ಕದ ವಹಿ.

ವಹಿ ಎಂದರೆ ಉದ್ದನೆಯ ಹಾಳೆಯ ಕೆಂಪು ರಟ್ಟಿನ ಪುಸ್ತಕ. ವರ್ಷಕ್ಕೆ ಒಂದು ಇಲ್ಲವೆ ಎರಡು ಪುಟ. ಹೆಸರು, ಕೊಟ್ಟ ಖಡಕ್ ರೊಟ್ಟಿ ಎಷ್ಟು, ಕೊಟ್ಟ ರೊಕ್ಕ ಎಷ್ಟು, ಕಟ್ಟಕಡೆಗೆ 'ಬಂದರು' ಎಂದು ತಲೆಬರಹವಿರುವ ಒಂದು ಸಾಲು, ಅದರ ಕೆಳಗೆ ಗೆರೆ ಎಳೆದ ಗುರುತುಗಳು. ಬಂದರು ಎಂದರೆ ಶ್ರೀಶೈಲಕ್ಕೆ ಬಂದರು ಎಂದಲ್ಲ, ಊರಿಗೆ ತಿರುಗಿ ಬಂದರು ಎಂದು. ಹೋಗುವಾಗ ಕಾಲ್ನಡಿಗೆ, ಬರುವಾಗ ಬಹಳ ಮಂದಿಗೆ ಬಸ್ಸು, ಟೆಂಪೊ, ಲಾರಿ. ಚದುರುವುದು ಆಗಲೇ. ಆದ್ದರಿಂದ ಎಣಿಕೆ ನಡೆಯುತ್ತಿದ್ದುದು ಊರಲ್ಲಿ ಪ್ರಸಾದದ ಊಟದ ದಿನ. ಒಂದು ವರ್ಷದ ಪುಟದಲ್ಲಿ ಓಣಿಯ ಒಬ್ಬ ಮುದುಕಿಯ ಹೆಸರಿನ ಮುಂದೆ 'ಜ್ವರ. ಆತ್ಮಕೂರದಾಗ ಉಳದಾರ' ಎಂದಿದೆ. ಅದರ ಕೆಳಗಿನ ಹೆಸರು ನಮ್ಮ ಅತ್ತಿಯದು, ಅಪ್ಪನ ಅಕ್ಕ. ಅಲ್ಲಿ 'ಇವರ ಕೂಡ' ಎಂದಷ್ಟೇ ಇದೆ. ಇಬ್ಬರಿಗೂ ಆ ವರ್ಷ ಮಲ್ಲಯ್ಯನ ದರ್ಶನವಾಗಲಿಲ್ಲ. 'ಬಂದರು' ಸಾಲಿನಲ್ಲಿ ಇಬ್ಬರಿಗೂ ಗುರುತು ಬಿದ್ದಿದೆ, ಉಳಿದವರಿಗೆ ಬಿದ್ದ ಹಾಗೆಯೇ.

ಆ ವಹಿಯಲ್ಲಿ ಕಾಡಿನ ವರ್ಣನೆಯಿಲ್ಲ, ಭಕ್ತಿಯಿಲ್ಲ, ಒಂದೇ ಒಂದು ವಿಶೇಷಣವಿಲ್ಲ. ಕೆಲವು ಮನೆಗಳ ರೊಟ್ಟಿಯ ಲೆಕ್ಕ ಪುಟದ ಕೆಳಗೆ ಗೆರೆ ಎಳೆದು ಬೇರೆಯಾಗಿ ಬರೆದಿದೆ; ಆ ಗೆರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಕರ್ವೆಯವರ ಎರಡು ಒಲೆಗಳೇ ಅದು. ಹಾಗಿದ್ದೂ ಗೆರೆಯ ಮೇಲಿನವರಿಗೂ ಕೆಳಗಿನವರಿಗೂ 'ಬಂದರು' ಸಾಲು ಒಂದೇ. ಪಾದಯಾತ್ರೆಯ ಬರಹಗಳಿಗಿಂತ ಈ ವಹಿಯನ್ನು ಒಳ್ಳೆಯ ಗದ್ಯ ಎಂದು ನಾನು ಎಣಿಸುವುದು ಎರಡನ್ನೂ ಮುಚ್ಚಿಡದೆ ಇಟ್ಟುಕೊಂಡಿದೆ ಎಂಬ ಕಾರಣಕ್ಕೆ.

ದೆಹಲಿಗೆ ಬಂದ ಮೇಲೆ ನಾನು ಕಂಡ ನಡಿಗೆ ಇದರ ತಂಗಿಯ ಹಾಗಿದೆ. ಇಲ್ಲಿನ ಪಂಚಾಂಗದಲ್ಲಿ ಹುಣ್ಣಿಮೆಗೆ ತಿಂಗಳು ಮುಗಿಯುವುದರಿಂದ ಶ್ರಾವಣ ನಮಗಿಂತ ಹದಿನೈದು ದಿನ ಮುಂಚೆ ಬರುತ್ತದೆ. ಹಾಗಾಗಿ ವಾರಿಯೂ ಇಲ್ಲಿನ ಕಾಂವಡ ಯಾತ್ರೆಯೂ ನಮ್ಮ ಲೆಕ್ಕದ ಒಂದೇ ಆಷಾಢದಲ್ಲಿ ಬೀಳುತ್ತವೆ. ವಿಠ್ಠಲನ ಏಕಾದಶಿ ಮುಗಿದು ನಾಲ್ಕೈದು ದಿನಕ್ಕೆ ಹರಿದ್ವಾರದ ದಾರಿ ಕೇಸರಿಯಾಗುತ್ತದೆ. ಮುಜಫ್ಫರನಗರ, ಮೀರಠ್, ಮೋದಿನಗರ, ಮುರಾದನಗರ, ಗಾಜಿಯಾಬಾದ್. ಗಂಗಾ ಕಾಲುವೆಯ ಏರಿಯ ಮೇಲೂ ಜನ. ಹೆಗಲ ಮೇಲೆ ಬಿದಿರಿನ ಕಾವಡಿ, ಎರಡು ತುದಿಗೆ ಗಂಗಾಜಲ. ನೆಲಕ್ಕೆ ಇಡುವಂತಿಲ್ಲ, ಶಿಬಿರಗಳಲ್ಲಿ ಅದನ್ನು ತೂಗುಹಾಕಲೆಂದೇ ಗಳ ಕಟ್ಟಿರುತ್ತಾರೆ. ಒಬ್ಬರನ್ನೊಬ್ಬರು ಕರೆಯುವುದು 'ಭೋಲೆ' ಎಂದು, ಹೆಸರು ಕೇಳುವ ಗೋಜಿಲ್ಲ. ನಮ್ಮ ಅಪಾರ್ಟ್‌ಮೆಂಟಿನವರಿಗೆ ಇದು ರಸ್ತೆ ಬಂದ್, ಶಾಲೆಗೆ ರಜೆ, ಕಿವಿಗಡಚಿಕ್ಕುವ ಡಿಜೆ, ಮನೆಯಿಂದ ಕೆಲಸ. ನನಗೂ ಅಷ್ಟೇ ಆಗಿತ್ತು, ವಿಕಾಸ್ ಸಿಂಗ್ ಅವರ 'ಅಪ್‌ರೈಸಿಂಗ್ ಆಫ್ ದಿ ಫೂಲ್ಸ್' ಓದುವವರೆಗೆ.

2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಕಾಶನದಿಂದ ಬಂದ ಪುಸ್ತಕ. ಲೇಖಕರು ತಾವೇ ಕಾಂವಡಿಗಳ ಜೊತೆ ನಡೆದವರು. ಕೆಲಸದ ಖಾತರಿಯಿಲ್ಲದ, ಯೋಗ್ಯತೆ ತೋರಿಸಲು ಬೇರೆ ಅಂಗಳವೇ ಇಲ್ಲದ ತರುಣರಿಗೆ ಈ ಹರಕೆ ಕೈಗೆ ಎಟಕುವ ಸಾಧನೆ ಎಂಬುದು ಅವರ ಮುಖ್ಯ ಮಾತು. ಒಪ್ಪುವ ಮಾತೇ. ಸಿದ್ಧಾಂತದ ಭಾರಕ್ಕೆ ಕಾವಡಿ ಆಗಾಗ ಒಂದು ಕಡೆ ವಾಲುತ್ತದೆ, ಯುರೋಪಿನ ದಾರ್ಶನಿಕರು ಮಾತಾಡತೊಡಗಿದರೆ ಪಕ್ಕದಲ್ಲಿ ನಡೆಯುವ ಹುಡುಗನ ಮಾತು ಕೇಳಿಸದೇ ಹೋಗುತ್ತದೆ. ಆದರೂ ಗಂಡಸರ ಗುಂಪು ಎಂದರೆ ಗೂಂಡಾಗಳ ಗುಂಪು ಎಂದುಕೊಳ್ಳುವ ನಮ್ಮಂಥವರ ಸೋಮಾರಿತನವನ್ನು ಅದು ಅಲುಗಿಸುತ್ತದೆ. ದಾರಿಯಲ್ಲಿ ಪುಂಡಾಟ ನಡೆಯುವುದಿಲ್ಲ ಎಂದು ನಾನೇನೂ ಹೇಳುತ್ತಿಲ್ಲ, ಕಣ್ಣಾರೆ ಕಂಡಿದ್ದೇನೆ.

ಸಿಂಗ್ ಇನ್ನಷ್ಟು ನಿಂತು ನೋಡಬೇಕಿತ್ತು ಎಂದು ನನಗನ್ನಿಸಿದ್ದು ಈ ಯಾತ್ರೆಯ ಕೊನೆಯನ್ನು. ವಾರಕರಿ ನಡೆದು ದೇವರ ಊರಿಗೆ ಹೋಗುತ್ತಾನೆ. ಕಾಂವಡಿ ದೇವರ ಊರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ, ತನ್ನ ಊರಿಗೆ ನಡೆದು ಬರುತ್ತಾನೆ. ಬಾಗಪತದ ಪುರಾ ಮಹಾದೇವಕ್ಕೋ ಮೀರಠಿನ ಔಘಡನಾಥಕ್ಕೋ ನೀರೆರೆಯುವವರು ಬಹಳಿದ್ದಾರೆ, ಆದರೆ ತಮ್ಮದೇ ಓಣಿಯ ಸಣ್ಣ ಶಿವನಿಗೆ ಎರೆಯುವವರೂ ಅಷ್ಟೇ ಇದ್ದಾರೆ. ಅಲ್ಲಿ ಯಾತ್ರೆಯ ಗುರಿಯೇ ಮನೆ. ಅಪ್ಪನ ವಹಿಯ ಕೊನೆಯ ಸಾಲು ಇವರಿಗೆ ಇಡೀ ಯಾತ್ರೆ. ಡಾಕ್ ಕಾಂವಡ ಎಂಬ ಒಂದು ಬಗೆಯಿದೆ: ವಾಹನ ಇಟ್ಟುಕೊಂಡು, ಸರದಿಯ ಮೇಲೆ ಓಡುತ್ತ, ಎಲ್ಲೂ ನಿಲ್ಲದೆ ಇಂತಿಷ್ಟು ಗಂಟೆಯೊಳಗೆ ಊರು ಮುಟ್ಟುವ ತಂಡ. ಗಡುವಿನ ಕೆಲಸ ಮಾಡಿಸುವ ನನಗೆ ಅದರ ವ್ಯವಸ್ಥೆ ನೋಡಿ ಹೊಟ್ಟೆಕಿಚ್ಚಾಗಿದೆ. ಅಲ್ಲಿ ಒಬ್ಬನಿಗೆ ಉಸಿರು ಹತ್ತಿದರೆ ಇನ್ನೊಬ್ಬ ಜಿಗಿದು ಇಳಿಯುತ್ತಾನೆ, ಹಿಂದೆ ಬಿದ್ದವನನ್ನು ಗಾಡಿ ಎತ್ತಿಕೊಳ್ಳುತ್ತದೆ.

ಇದೇ ಊರಲ್ಲಿ ಇನ್ನೊಂದು ನಡಿಗೆಯನ್ನೂ ಕಂಡಿದ್ದೇವೆ. 2020ರ ಮಾರ್ಚ್ 28ರಂದು ಆನಂದ ವಿಹಾರದ ಬಸ್ ನಿಲ್ದಾಣದಲ್ಲಿ ಸೇರಿದ ಸಾವಿರಾರು ಜನ, ಗಾಜೀಪುರದ ಗಡಿಯ ಮೇಲುಸೇತುವೆಯಲ್ಲಿ ಗಂಟುಮೂಟೆ ಹೊತ್ತ ಸಾಲುಗಳು. ಅವರೂ ಊರಿಗೇ ನಡೆದದ್ದು. ದಾರಿಯಲ್ಲಿ ಗಳ ಕಟ್ಟಿದ ಶಿಬಿರಗಳಿರಲಿಲ್ಲ. ಆ ವರ್ಷ ಕಾಂವಡ ಯಾತ್ರೆ ರದ್ದಾಯಿತು. ಜುಲೈ ಹೊತ್ತಿಗೆ ರಸ್ತೆ ಖಾಲಿ. ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ, ಹಾಗೆ ನಡೆದು ಹೋದ ವಲಸೆ ಕಾರ್ಮಿಕರಲ್ಲಿ ಎಷ್ಟು ಜನ ಸತ್ತರು ಎಂದು ಕೇಳಿದಾಗ, ಅಂಥ ಅಂಕಿಅಂಶ ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಉತ್ತರ ಕೊಟ್ಟಿತು. ಹೊಳೆ ದಾಟಿದ ಪೆದ್ದರು ಕನಿಷ್ಠ ತಪ್ಪಾಗಿಯಾದರೂ ಎಣಿಸಿದ್ದರು.

ಹಿಂದಿರುಗದವನ ಬಗ್ಗೆ ಕನ್ನಡದಲ್ಲಿ ಯಾರೂ ಬರೆದಿಲ್ಲವೇ ಎಂದು ಕೇಳಿದರೆ, ಕುವೆಂಪು ಬರೆದಿದ್ದಾರೆ. 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಯಾತ್ರೆಯ ಕಾದಂಬರಿ ಎಂದು ಯಾರೂ ಓದುವುದಿಲ್ಲ. ಆದರೆ ಹಳೆಮನೆಯ ದೊಡ್ಡಣ್ಣ ಹೆಗ್ಗಡೆ ತಿರುಪತಿ ಯಾತ್ರೆಗೆ ಹೋದವನು ತಿರುಗಿ ಬರುವುದಿಲ್ಲ. ಯಾತ್ರೆಯ ದಾರಿಯಲ್ಲಿ ಏನಾಯಿತು ಎಂಬುದಕ್ಕಿಂತ ಕಾದಂಬರಿಗೆ ಮುಖ್ಯವಾಗುವುದು ಮನೆಯಲ್ಲಿ ಏನಾಯಿತು ಎಂಬುದು. ಹೆಂಡತಿ ರಂಗಮ್ಮನಿಗೆ ಬುದ್ಧಿ ಕಲಕುತ್ತದೆ. ಗಂಡ ಬರುತ್ತಾನೆ ಎಂದೇ ಅವಳ ಎಣಿಕೆ. ಊರವರಿಗೆ ಅದು ಹುಚ್ಚು. ಮಗ ಧರ್ಮು ಆ ಹುಚ್ಚಿನ ನೆರಳಲ್ಲಿ ಬೆಳೆಯುತ್ತಾನೆ. ತಿಮ್ಮಪ್ಪನ ದರ್ಶನ, ಬೆಟ್ಟ, ಭಕ್ತಿ ಯಾವುದನ್ನೂ ಕುವೆಂಪು ಮುಂದಕ್ಕೆ ತರುವುದಿಲ್ಲ. ಇಡೀ ತೀರ್ಥಯಾತ್ರೆಯನ್ನು ಮನೆಯ ಜಗಲಿಯಿಂದ, ಕಾಯುವ ಹೆಂಗಸಿನ ಕಡೆಯಿಂದ ನೋಡುತ್ತಾರೆ. ಹತ್ತನೆಯವನ ಕತೆ ಇಲ್ಲಿ ತಿರುವುಮುರುವು. ಅಲ್ಲಿ ಕಳೆದುಹೋದವನು ಇದ್ದಾನೆ, ಎಲ್ಲರೂ ಅಳುತ್ತಾರೆ. ಇಲ್ಲಿ ನಿಜಕ್ಕೂ ಒಬ್ಬ ಕಡಿಮೆ, ಊರು ಅವನಿಲ್ಲದ ಲೆಕ್ಕಕ್ಕೆ ಹೊಂದಿಕೊಂಡಿದೆ, ಒಬ್ಬಳು ಮಾತ್ರ ಒಪ್ಪುವುದಿಲ್ಲ.

ಅದೇ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯ ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಮಹಾಭಾರತದ ಕೊನೆಯ ನಡಿಗೆಯಲ್ಲಿ ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ಹೋದ ನಾಯಿ ಇಲ್ಲಿ ನೆನಪಾಗದೇ ಇರದು. ಕುವೆಂಪು ಆ ನಾಯಿಗೆ ದಡ ಕೊಡಲಿಲ್ಲ.

ಆ ಮಹಾಪ್ರಸ್ಥಾನದ ಬಗ್ಗೆ ಕರ್ವೆಯವರೂ ಬರೆದಿದ್ದಾರೆ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ 'ಯುಗಾಂತ'ದ ದ್ರೌಪದಿಯ ಅಧ್ಯಾಯವನ್ನು ನಾನು ಈಗ 'ವಾಟಚಾಲ'ದ ಮುಂದುವರಿದ ಭಾಗ ಎಂದೇ ಓದುತ್ತೇನೆ, ಇಬ್ಬರು ಕರ್ವೆಯವರಿಲ್ಲವಲ್ಲ. ಆರು ಜನರ ಗುಂಪು ಹಿಮಾಲಯದ ಕಡೆ ನಡೆಯುತ್ತದೆ. ಮೊದಲು ದ್ರೌಪದಿ ಬೀಳುತ್ತಾಳೆ. ಆಮೇಲೆ ಸಹದೇವ, ನಕುಲ, ಅರ್ಜುನ, ಭೀಮ. ವ್ಯಾಸರಲ್ಲಿ ಭೀಮ ಪ್ರತಿಯೊಬ್ಬರು ಬಿದ್ದಾಗಲೂ ಯಾಕೆ ಬಿದ್ದರು ಎಂದು ಕೇಳುತ್ತಾನೆ, ಯುಧಿಷ್ಠಿರ ಬಿದ್ದವರ ದೋಷ ಹೇಳುತ್ತ ಹಿಂದಿರುಗಿ ನೋಡದೆ ನಡೆಯುತ್ತಾನೆ. ಕರ್ವೆ ಇಲ್ಲಿ, ಇದು ತನ್ನ ಕಲ್ಪನೆ ಎಂದು ಹೇಳಿಯೇ, ಭೀಮನನ್ನು ನಿಲ್ಲಿಸುತ್ತಾರೆ. ಅವನು ತಿರುಗಿ ಬಂದು ಬಿದ್ದ ದ್ರೌಪದಿಯ ಬಳಿ ಕೂರುತ್ತಾನೆ, ನಿನಗಾಗಿ ಏನು ಮಾಡಲಿ ಎಂದು ಕೇಳುತ್ತಾನೆ. ಮುಂದಿನ ಜನ್ಮದಲ್ಲಿ ನೀನು ಹಿರಿಯನಾಗಿ ಹುಟ್ಟು ಎಂಬರ್ಥದ ಮಾತು ಅವಳ ಬಾಯಲ್ಲಿ ಬರುತ್ತದೆ. ಪಾಂಡಿತ್ಯದ ಪುಸ್ತಕದಲ್ಲಿ ಇಂಥ ಕಲ್ಪನೆಗೆ ಜಾಗವಿದೆಯೇ ಎಂದು ಕೇಳುವವರು ಇದ್ದೇ ಇರುತ್ತಾರೆ. ನನಗೆ ಅದು ಆ ಪುಸ್ತಕದ ಅತ್ಯಂತ ಕಟ್ಟುನಿಟ್ಟಾದ ವಿಮರ್ಶೆ. ವ್ಯಾಸರು ಬರೆಯದ 'ಇವರ ಕೂಡ' ಎಂಬುದನ್ನು ಕರ್ವೆ ಭೀಮನ ಹೆಸರಿನ ಮುಂದೆ ಬರೆದರು.

ಆದರೆ ಕರ್ವೆ ಅಲ್ಲಿಗೇ ನಿಲ್ಲುತ್ತಾರೆ, ವ್ಯಾಸರು ನಿಲ್ಲುವುದಿಲ್ಲ. ಸ್ವರ್ಗಾರೋಹಣ ಪರ್ವದಲ್ಲಿ ಯುಧಿಷ್ಠಿರ ಒಳಗೆ ಹೋಗಿ ನೋಡಿದರೆ ದುರ್ಯೋಧನ ಕೂತಿದ್ದಾನೆ, ತನ್ನವರು ಯಾರೂ ಇಲ್ಲ. ದಾರಿಯುದ್ದಕ್ಕೂ ತಿರುಗಿ ನೋಡದವನು ಈಗ ಎಣಿಸುತ್ತಾನೆ. ಅವರಿರುವಲ್ಲಿಗೆ ಕರೆದುಕೊಂಡು ಹೋಗಿ ಎನ್ನುತ್ತಾನೆ, ನರಕದ ದಾರಿಯಲ್ಲಿ ಕತ್ತಲಲ್ಲಿ ಅವರ ದನಿ ಕೇಳಿ ನಾನು ಇಲ್ಲೇ ಉಳಿಯುತ್ತೇನೆ ಎನ್ನುತ್ತಾನೆ. ಯುಧಿಷ್ಠಿರನ ಬಗ್ಗೆ ಅಷ್ಟು ಕಠಿಣವಾಗಿದ್ದ ಕರ್ವೆ ಈ ಭಾಗವನ್ನು ಕೈಗೆತ್ತಿಕೊಂಡಿದ್ದರೆ ಏನು ಬರೆಯುತ್ತಿದ್ದರೋ. ಕನ್ನಡದವರಿಗೆ ಈ ಭಾಗದ ಬಳಕೆ ಕಡಿಮೆ. ನಾವು ಭಾರತ ಕೇಳುವುದು ಕುಮಾರವ್ಯಾಸನ ಬಾಯಲ್ಲಿ, ಅವನು ಗದಾಪರ್ವಕ್ಕೆ ನಿಲ್ಲಿಸಿದ; ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದ್ದಾನೆ. ಗಮಕ ವಾಚನಗಳು ಅಲ್ಲಿಯವರೆಗೆ ಹೋಗುವುದು ಅಪರೂಪ. ಈ ಆಷಾಢದಲ್ಲಿ, ರಸ್ತೆ ಬಂದ್ ಆಗಿ ಮನೆಯಲ್ಲಿರುವ ದಿನಗಳಲ್ಲಿ, ತಿಮ್ಮಣ್ಣನ ಆ ಪರ್ವ ಓದಬೇಕೆಂದು ತೆಗೆದಿಟ್ಟಿದ್ದೇನೆ.